ಫೋನು ಕೊಡೋ ಉತ್ತರದಲ್ಲಿ ನಮ್ಮ ಹೊಲ ಎಲ್ಲಿದೆ?

ಬೀಜದ ಅಂಗಡಿಯವರನ್ನ ಕೇಳೋ ಮುಂಚೆ, ಪಕ್ಕದ ಹೊಲದ ಅಣ್ಣನನ್ನ ಕೇಳೋ ಮುಂಚೆ, ನಮ್ಮ ವಯಸ್ಸಿನವರು ಈಗ ಕೇಳೋದು ಫೋನನ್ನ. ಗೂಗಲ್, ಇಲ್ಲಾಂದ್ರೆ ಚಾಟ್‌ಜಿಪಿಟಿ, ಜೆಮಿನಿ. ಟೈಪ್ ಮಾಡೋ ಕಷ್ಟವೂ ಇಲ್ಲ, ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಬರುತ್ತೆ. ಇದರಲ್ಲಿ ತಪ್ಪೇನಿಲ್ಲ, ನಾನೂ ಕೇಳ್ತೀನಿ. ಆದರೆ ಆ ಉತ್ತರ ಎಲ್ಲಿಂದ ಬರ್ತಿದೆ, ಅದರೊಳಗೆ ನಮ್ಮ ಮಣ್ಣು, ನಮ್ಮ ತಳಿ, ನಮ್ಮ ಮಾತು ಎಷ್ಟಿದೆ ಅಂತ ನಾವು ಇನ್ನೂ ಸರಿಯಾಗಿ ಯೋಚನೆ ಮಾಡಿಲ್ಲ.

ನಾನು ಇರೋದು ನಾಗರಬಾವಿ ಎರಡನೇ ಹಂತದಲ್ಲಿ. ಜಮೀನು ಮಾಗಡಿ ರಸ್ತೆಯಲ್ಲಿ, ತಾವರೆಕೆರೆ ದಾಟಿ. ಅಲ್ಲಿ ನಮ್ಮ ಪಕ್ಕದ ಹೊಲದ ಹುಡುಗ ಹೋದ ವರ್ಷ ಯುಗಾದಿ ಆದಮೇಲೆ ಮನೆಯಲ್ಲಿದ್ದ ನಾಟಿ ಅವರೆ ಬೀಜ ಬಿತ್ತಿದ. ಬಿತ್ತೋ ಮುಂಚೆ ಫೋನನ್ನ ಕೇಳಿದ್ದ. ನೀರಿನ ಅನುಕೂಲ ಇದ್ದರೆ ಅವರೆಯನ್ನು ವರ್ಷವಿಡೀ ಬೆಳೆಯಬಹುದು ಅಂತ ಉತ್ತರ ಬಂದಿತ್ತು. ಡ್ರಿಪ್ ಎಳೆದ, ಗೊಬ್ಬರ ಕೊಟ್ಟ. ಬಳ್ಳಿ ಸೊಂಪಾಗಿ ಹಬ್ಬಿತು. ಆಷಾಢ ಬಂದರೂ ಒಂದು ಹೂ ಇಲ್ಲ. ಕೊನೆಗೆ ಕುಯ್ದು ಹಸುವಿಗೆ ಹಾಕಿದ.

ಫೋನು ಸುಳ್ಳು ಹೇಳಿತ್ತಾ? ಪೂರ್ತಿ ಸುಳ್ಳೂ ಅಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ ತಳಿಗಳಿವೆ, ಎಚ್‌ಎ-3, ಎಚ್‌ಎ-4 ಅಂತ. ಅವು ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳಲ್ಲ, ಯಾವಾಗ ಬಿತ್ತಿದರೂ ಹೂ ಬಿಡುತ್ತವೆ. ನಮ್ಮ ಸೊಗಡಿನ ನಾಟಿ ಅವರೆ ಹಾಗಲ್ಲ. ಹಗಲು ಚಿಕ್ಕದಾಗ್ತಾ ಬಂದ ಮೇಲೇ ಅದಕ್ಕೆ ಹೂವಿನ ಯೋಚನೆ. ಅದಕ್ಕೇ ನಮ್ಮ ಹಿರಿಯರು ಮುಂಗಾರಿನಲ್ಲಿ ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಅವರೆ ಹಾಕಿ, ಡಿಸೆಂಬರ್-ಜನವರಿಯ ಇಬ್ಬನಿಯಲ್ಲಿ ಕಾಯಿ ಬಿಡಿಸ್ತಿದ್ದರು. ಈ ಮಾತು ಮಾಗಡಿ ಕಡೆಯ ಯಾವ ಅಜ್ಜಿಯನ್ನ ಕೇಳಿದರೂ ಹೇಳ್ತಾರೆ. ಆದರೆ ಫೋನು ಓದೋ ಜಾಗದಲ್ಲಿ ಅಜ್ಜಿಯ ಮಾತನ್ನ ಯಾರೂ ಬರೆದಿಟ್ಟಿರಲಿಲ್ಲ. ಇಡೀ ಸಮಸ್ಯೆ ಇರೋದು ಅಲ್ಲೇ.

ನಮ್ಮ ಮಾತು ಅದಕ್ಕೆ ಅರ್ಥ ಆಗೋದು ಕಷ್ಟ

"ಜೋಳಕ್ಕೆ ಹುಳ ಬಿದ್ದಿದೆ, ಏನು ಹೊಡೀಬೇಕು?" ಅಂತ ಕೇಳಿ ನೋಡಿ. ವಿಜಯಪುರದವರಿಗೆ ಜೋಳ ಅಂದರೆ ರೊಟ್ಟಿಯ ಬಿಳಿಜೋಳ. ನಮ್ಮ ಕಡೆ ಎಷ್ಟೋ ಜನ ಜೋಳ ಅಂದರೆ ಮುಸುಕಿನ ಜೋಳ ಅಂದುಕೊಳ್ತಾರೆ. ಕೆಲವು ಕಡೆ ಅದೇ ಗೋವಿನ ಜೋಳ, ಇನ್ನು ಕೆಲವು ಕಡೆ ಮೆಕ್ಕೆಜೋಳ. ಎದುರಿಗೆ ಕೂತ ಮನುಷ್ಯ ಆದರೆ "ಯಾವ ಜೋಳ ಮಾರಾಯ, ಯಾವೂರು ನಿಂದು?" ಅಂತ ತಿರುಗಿ ಕೇಳ್ತಾನೆ. ಚಾಟ್‌ಬಾಟ್ ಎಷ್ಟೋ ಸಲ ಕೇಳಲ್ಲ. ಒಂದನ್ನ ತಾನೇ ಊಹಿಸಿಕೊಂಡು ನುಣ್ಣಗೆ ಉತ್ತರ ಕೊಟ್ಟುಬಿಡುತ್ತೆ.

ಇದು ಸಣ್ಣ ವಿಷಯ ಅಲ್ಲ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆ ಆಗಿದ್ದೇ ನಮ್ಮ ರಾಜ್ಯದಲ್ಲಿ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ಅಂಥ ಹೊಸ ಹುಳ ಬಂದಾಗ ರೈತನಿಗೆ ಬೇಕಾಗೋದು ನಾಳೆ ಬೆಳಗ್ಗೆಯ ಉತ್ತರ. ಅವನು ಹುಡುಕೋದು "ಲದ್ದಿ ಹುಳ" ಅಂತ, "ಸುಳಿ ತಿನ್ನೋ ಹುಳ" ಅಂತ. ಪುಸ್ತಕದ ಹೆಸರು ಅವನಿಗೆ ಗೊತ್ತಿರಲ್ಲ. ಹುಡುಕೋನ ಪದವೂ ಬರೆದೋನ ಪದವೂ ಎಲ್ಲೋ ಒಂದು ಕಡೆ ಸೇರಲೇಬೇಕು. ಸೇರಲಿಲ್ಲ ಅಂದರೆ ಎಷ್ಟು ಒಳ್ಳೆ ಮಾಹಿತಿ ಇದ್ದರೂ ಇಲ್ಲದ ಹಾಗೇ.

ಬರಹ ಇದೆ, ಕಾಣಿಸ್ತಿಲ್ಲ

2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ಕನ್ನಡ ವಿಕಿಪೀಡಿಯದಲ್ಲಿ ಇರೋ ಲೇಖನ ಸುಮಾರು 30 ಸಾವಿರ. ಇಂಗ್ಲಿಷ್‌ನಲ್ಲಿ 60 ಲಕ್ಷಕ್ಕೂ ಹೆಚ್ಚು. ಚಾಟ್‌ಬಾಟ್‌ಗಳು ಕಲಿಯೋದು ಇಂಥ ತೆರೆದ ಬರಹಗಳಿಂದ. ಕನ್ನಡದಲ್ಲಿ ಕೇಳಿದರೂ ಅದರ ತಲೆಯಲ್ಲಿರೋದು ಹೆಚ್ಚಾಗಿ ಇಂಗ್ಲಿಷ್ ಸರಕು ಅನ್ನೋದಕ್ಕೆ ಇದೇ ಕಾರಣ.

ಹಾಗಂತ ಕನ್ನಡದಲ್ಲಿ ಕೃಷಿ ಬರಹ ಕಡಿಮೆ ಇದೆ ಅಂತಲ್ಲ. ಬೇಕಾದಷ್ಟಿದೆ. ಯಂತ್ರದ ಕಣ್ಣಿಗೆ ಬೀಳೋ ಹಾಗಿಲ್ಲ ಅಷ್ಟೆ.

ಹಳೇ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕರಪತ್ರ, ಕೈಪಿಡಿ ಎಷ್ಟೋ ಇವೆ. ಓದಲು ಚೆನ್ನಾಗೇ ಕಾಣುತ್ತವೆ. ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಗೂಗಲ್‌ಗೂ ಕಾಣೋದು ಆ ಸಂತೆಯೇ. ನಮ್ಮ ತೋಟಗಾರಿಕೆ ಓದಿನ ಕಾಲದ ಎಷ್ಟೋ ಒಳ್ಳೆ ಕೈಪಿಡಿಗಳು ಹೀಗೆ ಕಣ್ಣೆದುರಿಗಿದ್ದೂ ಮರೆಯಾಗಿವೆ.

ಎರಡನೇದು, ಫೋಟೋ. ಜೀವಾಮೃತ ಮಾಡೋ ವಿಧಾನವನ್ನ ಚೆಂದದ ಬಣ್ಣದ ಪೋಸ್ಟರ್ ಮಾಡಿ ಹಾಕ್ತೀವಿ. ಅಕ್ಷರ ಎಲ್ಲಾ ಚಿತ್ರದೊಳಗೆ. ಹುಡುಕೋ ಯಂತ್ರಕ್ಕೆ ಅದು ಬರೀ ಒಂದು ಹಸಿರು ಚಿತ್ರ ಆಗಿ ಉಳಿಯೋದೇ ಹೆಚ್ಚು.

ಮೂರನೇದು, ವಾಟ್ಸಾಪ್. ನಾನಿರೋ ಒಂದು ಗುಂಪಿನಲ್ಲಿ ದಿನಾ ಬೆಳಗ್ಗೆ ಬರೋ ಅನುಭವದ ಮಾತುಗಳನ್ನ ಸೇರಿಸಿದರೆ ಒಂದು ಪುಸ್ತಕ ಆಗುತ್ತೆ. ಆದರೆ ಆ ಗುಂಪು ಬಾಗಿಲು ಹಾಕಿದ ಕೋಣೆ. ಮೂರು ತಿಂಗಳಾದ ಮೇಲೆ ನಮಗೇ ಹುಡುಕಿದರೆ ಸಿಗಲ್ಲ, ಇನ್ನು ಹೊರಗಿನವರಿಗೆ ಎಲ್ಲಿ? ವಿಡಿಯೋದ ಕಥೆಯೂ ಹೆಚ್ಚುಕಮ್ಮಿ ಹೀಗೇ. ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಡಿರ್ತೀವಿ, ಕೆಳಗೆ ವಿವರದ ಜಾಗದಲ್ಲಿ "ಲೈಕ್ ಮಾಡಿ, ಶೇರ್ ಮಾಡಿ" ಅಂತ ಮಾತ್ರ ಬರೆದಿರ್ತೀವಿ.

ನಂಬರ್ ಒನ್ ಮಾಡಿಸ್ತೀವಿ ಅನ್ನೋರು

ಈಗ ಇನ್ನೊಂದು ವ್ಯಾಪಾರ ಶುರುವಾಗಿದೆ. ಹೋದ ವರ್ಷ ಒಂದು ಕಂಪನಿಯವರು ನನಗೆ ಫೋನ್ ಮಾಡಿದ್ದರು. "ಸರ್, ಗೂಗಲ್‌ನಲ್ಲಿ ಮಾತ್ರ ಅಲ್ಲ, ಚಾಟ್‌ಜಿಪಿಟಿಯಲ್ಲೂ ನಿಮ್ಮ ತೋಟವೇ ಮೊದಲು ಬರೋ ಹಾಗೆ ಮಾಡ್ತೀವಿ, ತಿಂಗಳಿಗೆ 18 ಸಾವಿರ" ಅಂದರು. ಮಾದರಿ ಅಂತ ಒಂದು ಪುಟ ಕಳಿಸಿದರು. ಅದರಲ್ಲಿ "ಬೆಂಗಳೂರಿನ ಅತ್ಯುತ್ತಮ ಸಾವಯವ ತರಕಾರಿ" ಅನ್ನೋ ಮಾತು ಎಣಿಸಿದರೆ 11 ಸಲ ಇತ್ತು. ನಾನು ಏನು ಬೆಳೀತೀನಿ ಅಂತ ಒಂದು ಸಲವೂ ಇರಲಿಲ್ಲ. ಜೊತೆಗೆ ತಿಂಗಳಿಗೆ 30 ಲೇಖನ ಎಐ ಇಂದಲೇ ಬರೆಸಿ ಹಾಕ್ತಾರಂತೆ. ಬೇಡ ಅಂದೆ.

ಬೇಡ ಅಂದಿದ್ದಕ್ಕೆ ಕಾರಣ ಜಿಪುಣತನ ಒಂದೇ ಅಲ್ಲ. 2023ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿ ಐಐಟಿ ಮೊದಲಾದ ಕಡೆಯ ಸಂಶೋಧಕರು ಸೇರಿ ಒಂದು ಅಧ್ಯಯನ ಮಾಡಿದರು. ಎಐ ಉತ್ತರಗಳಲ್ಲಿ ಯಾವ ಥರದ ಬರಹ ಹೆಚ್ಚು ಕಾಣಿಸಿಕೊಳ್ಳುತ್ತೆ ಅನ್ನೋದು ಅವರ ಪ್ರಶ್ನೆ. ಬರಹಕ್ಕೆ ಅಂಕಿ-ಅಂಶ, ಬಲ್ಲವರ ಮಾತು, ಮಾಹಿತಿಯ ಮೂಲ ಸೇರಿಸಿದಾಗ ಅದು ಕಾಣಿಸಿಕೊಳ್ಳೋದು ಶೇ 40ರವರೆಗೂ ಹೆಚ್ಚಿತು. ಒಂದೇ ಪದವನ್ನ ಮತ್ತೆ ಮತ್ತೆ ತುರುಕೋ ಹಳೇ ಉಪಾಯದಿಂದ ಏನೂ ಹೇಳಿಕೊಳ್ಳೋ ಲಾಭ ಆಗಲಿಲ್ಲ. ಗೂಗಲ್ ಕೂಡ 2024ರ ಮಾರ್ಚ್‌ನಲ್ಲಿ ನಿಯಮ ಬಿಗಿ ಮಾಡಿ, ರ್‍ಯಾಂಕಿಂಗ್ ಸಲುವಾಗಿಯೇ ರಾಶಿ ರಾಶಿ ಪುಟ ತಯಾರಿಸೋದನ್ನ ಸ್ಪ್ಯಾಮ್ ಅಂತ ಪಟ್ಟಿಗೆ ಸೇರಿಸಿತು. ಎಐ ಬರೆದರೂ ಅಷ್ಟೆ, ಮನುಷ್ಯ ಬರೆದರೂ ಅಷ್ಟೆ.

ದುಡ್ಡಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಐ ಬರೆದ ತಪ್ಪನ್ನ ನಾವು ನಮ್ಮ ಹೆಸರಲ್ಲಿ ಹಾಕ್ತೀವಿ. ನಾಳೆ ಇನ್ನೊಂದು ಎಐ ಬಂದು ಅದನ್ನೇ ಓದಿ, "ಬೆಂಗಳೂರಿನ ರೈತರೇ ಹೀಗೆ ಹೇಳ್ತಾರೆ" ಅಂತ ಹಂಚುತ್ತೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್‌ನ ಎಐ ಉತ್ತರ, ಪಿಜ್ಜಾ ಮೇಲೆ ಚೀಸ್ ನಿಲ್ಲೋಕೆ ಅಂಟು ಬೆರೆಸಿ ಅಂತ ಸಲಹೆ ಕೊಟ್ಟಿತ್ತು. ಯಾರೋ 11 ವರ್ಷ ಹಿಂದೆ ತಮಾಷೆಗೆ ಬರೆದ ಮಾತು ಅದು. ಪಿಜ್ಜಾ ವಿಷಯದಲ್ಲಿ ಜಗತ್ತು ನಕ್ಕು ಸುಮ್ಮನಾಯಿತು. ಔಷಧಿ ಪ್ರಮಾಣದ ವಿಷಯದಲ್ಲಿ ಲೀಟರಿಗೆ 1 ಮಿ.ಲೀ. ಇರಬೇಕಾದ ಕಡೆ 10 ಆದರೆ ಯಾರೂ ನಗಲ್ಲ.

ಯಂತ್ರ ಓದೋದು ಹೇಗೆ?

ಇದು ಬ್ರಹ್ಮವಿದ್ಯೆ ಏನಲ್ಲ. ಹುಡುಕೋ ಯಂತ್ರ ಪುಟಗಳನ್ನ ಓದಿ ಪಟ್ಟಿ ಮಾಡಿಟ್ಟುಕೊಳ್ಳುತ್ತೆ. ಯಾರಾದರೂ ಕೇಳಿದಾಗ ಆ ಪಟ್ಟಿಯಿಂದ ತೆಗೆದು ತೋರಿಸುತ್ತೆ. ಚಾಟ್‌ಬಾಟ್ ಉತ್ತರ ಕೊಡೋದು ಎರಡು ದಾರಿಯಲ್ಲಿ. ಒಂದು, ಮೊದಲೇ ಕಲಿತ ನೆನಪಿನಿಂದ. ಇನ್ನೊಂದು, ಆ ಕ್ಷಣಕ್ಕೆ ಇಂಟರ್ನೆಟ್‌ನಲ್ಲಿ ಹುಡುಕಿ, ಸಿಕ್ಕ ನಾಲ್ಕಾರು ಪುಟಗಳಿಂದ ತುಣುಕು ಎತ್ತಿಕೊಂಡು. ಎರಡನೇ ದಾರಿಯಲ್ಲೇ ನಮ್ಮಂಥ ಸಣ್ಣವರಿಗೆ ಅವಕಾಶ ಇರೋದು. ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನೆಗೆ ಸಾವಿರ ಪುಟ ಪೈಪೋಟಿ ಮಾಡುತ್ತವೆ. "ಮಾಗಡಿ ಕಡೆ ನಾಟಿ ಅವರೆ ಯಾವಾಗ ಬಿತ್ತಬೇಕು" ಅನ್ನೋದಕ್ಕೆ ಕನ್ನಡದಲ್ಲಿ ಎಷ್ಟು ಪುಟ ಇದ್ದಾವು? ನೀವು ಬರೆಯೋ ಒಂದೇ ಒಂದು ಒಳ್ಳೆ ಪುಟಕ್ಕೂ ಇಲ್ಲಿ ಬೆಲೆ ಇದೆ.

ಯಂತ್ರ ಎತ್ತಿಕೊಳ್ಳೋದು ತುಣುಕನ್ನ ಅನ್ನೋದು ನೆನಪಿರಲಿ. ಒಂದು ಪ್ಯಾರಾ ಮಾತ್ರ ಕಿತ್ತು ತೆಗೆದರೂ ಅದಕ್ಕೆ ಪೂರ್ತಿ ಅರ್ಥ ಇರಬೇಕು. "ಮೇಲೆ ಹೇಳಿದಂತೆ ಅದನ್ನು ಆ ಸಮಯದಲ್ಲಿ ಹಾಕಿ" ಅಂತ ಬರೆದರೆ ಯಂತ್ರಕ್ಕೂ ಗೊತ್ತಾಗಲ್ಲ, ಅವಸರದಲ್ಲಿ ಓದೋ ರೈತನಿಗೂ ಗೊತ್ತಾಗಲ್ಲ.

ಹಾಗಾದರೆ ಬರೆಯೋದು ಹೇಗೆ?

ನಾನು ಪಾಲಿಸೋ ಕ್ರಮ ಇದು. ಕಂಪ್ಯೂಟರ್ ಬೇಕಿಲ್ಲ, ಫೋನಿನಲ್ಲೇ ಆಗುತ್ತೆ.

1. ಶೀರ್ಷಿಕೆ ಪ್ರಶ್ನೆಯ ಹಾಗಿರಲಿ, ಜನ ಕೇಳೋ ಮಾತಲ್ಲೇ. "ಅವರೆ ಬೇಸಾಯ ಕ್ರಮಗಳು" ಅನ್ನೋದಕ್ಕಿಂತ "ನಾಟಿ ಅವರೆ ಯಾವಾಗ ಬಿತ್ತಬೇಕು?" ಅನ್ನೋದು ಒಳ್ಳೇದು.

2. ಉತ್ತರ ಮೊದಲ ಎರಡು ಸಾಲಲ್ಲೇ ಬರಲಿ. "ಮಾಗಡಿ, ತಾವರೆಕೆರೆ ಕಡೆ ಮಳೆಯಾಶ್ರಯದ ನಾಟಿ ಅವರೆಯನ್ನು ಜುಲೈ-ಆಗಸ್ಟ್‌ನಲ್ಲಿ ಬಿತ್ತುತ್ತೇವೆ. ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಬೆಳೆಯುತ್ತದೆ, ಕಾಯಿ ಬರುವುದಿಲ್ಲ." ಅನ್ನದಾತ, ದೇಶದ ಬೆನ್ನೆಲುಬು ಅನ್ನೋ ಪೀಠಿಕೆ ಎಲ್ಲಾ ಬೇಡ.

3. ಊರು, ತಾಲ್ಲೂಕು, ಮಣ್ಣು, ನೀರು, ತಳಿ, ತಿಂಗಳು ಬರೀರಿ. ಕೆಂಪು ಮಣ್ಣೋ ಎರೆ ಭೂಮಿಯೋ, ಬೋರ್‌ವೆಲ್ಲೋ ಮಳೆಯೋ ಅನ್ನೋದು ಇಲ್ಲದ ಸಲಹೆ ಎಲ್ಲರಿಗೂ ಹೇಳಿದ್ದು, ಯಾರಿಗೂ ಹೇಳದೇ ಇದ್ದದ್ದು.

4. ಒಂದು ಬೆಳೆಗೆ ಇರೋ ಹೆಸರೆಲ್ಲಾ ಒಂದು ಸಲ ಸೇರಿಸಿ. ಅವರೆ, ಅವರೆಕಾಯಿ, ಸೊಗಡವರೆ, ಇಂಗ್ಲಿಷಿನ ಫೀಲ್ಡ್ ಬೀನ್, ಡಾಲಿಕಸ್, ಸಸ್ಯಶಾಸ್ತ್ರದ ಲ್ಯಾಬ್‌ಲ್ಯಾಬ್. ಅವರೆಕಾಯಿ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕೋರೂ ಬಹಳ ಜನ ಇದ್ದಾರೆ, ಅದನ್ನೂ ಒಂದು ಸಲ ಹಾಕಿ. ಒಂದು ಸಲ ಸಾಕು, ಹನ್ನೊಂದು ಸಲ ಬೇಡ.

5. ಅಳತೆ ಪೂರ್ತಿ ಇರಲಿ. "ಸ್ವಲ್ಪ ಬೆಲ್ಲ, ಸ್ವಲ್ಪ ಹಿಟ್ಟು" ಅಂದರೆ ಆಗಲ್ಲ. ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, ಇಷ್ಟು ಒಂದು ಎಕರೆಗೆ. ಶೇ 1ರ ಬೋರ್ಡೋ ದ್ರಾವಣ ಅಂದರೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹೀಗೆ ಬರೆದರೆ ಊಹೆಗೆ ಜಾಗ ಇರಲ್ಲ.

6. ಯಾರು, ಯಾವಾಗ ಹೇಳಿದ್ದು ಅಂತ ಇರಲಿ. "2023ರ ಹಿಂಗಾರಿನಲ್ಲಿ ನನ್ನ 20 ಗುಂಟೆಯಲ್ಲಿ ಕಂಡದ್ದು" ಅಂತ ಬರೀರಿ. ಕೃಷಿ ವಿಜ್ಞಾನ ಕೇಂದ್ರದವರು ಹೇಳಿದ್ದಾದರೆ ಅವರ ಹೆಸರು ಹಾಕಿ. ನೀವು ಕಂಡಿದ್ದು ಬೇರೆ, ಕೇಳಿದ್ದು ಬೇರೆ, ಎರಡನ್ನೂ ಕಲಸಬೇಡಿ.

7. ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಈಗಿನ ಫೋನ್ ಕೀಬೋರ್ಡ್‌ಗಳಲ್ಲಿ ಬರೋದು ಅದೇ. ಮಾತಾಡಿ ಟೈಪ್ ಮಾಡಿಸಿದರೂ ಆಯಿತು, ಅಂಕಿ ಮಾತ್ರ ಎರಡು ಸಲ ನೋಡಿ. ಪೋಸ್ಟರ್ ಹಾಕಿದರೆ ಅದರೊಳಗಿನ ಮಾತನ್ನ ಕೆಳಗೆ ಅಕ್ಷರದಲ್ಲೂ ಕೊಡಿ. ವಿಡಿಯೋ ಹಾಕಿದರೆ ವಿವರದಲ್ಲಿ ಹತ್ತು ಸಾಲು ಸಾರಾಂಶ ಬರೀರಿ.

ರಾಸಾಯನಿಕ ಔಷಧಿಯ ಪ್ರಮಾಣ ಮಾತ್ರ ನಿಮ್ಮ ಅನುಭವ ಅಂತ ಬರೆಯೋಕೆ ಹೋಗಬೇಡಿ. ಲೇಬಲ್ ನೋಡಿ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕೇಳಿ ಅಂತಲೇ ಬರೀರಿ. ಫೋನು ಕೊಟ್ಟ ಪ್ರಮಾಣವನ್ನ ನೀವು ಬಳಸೋ ಮುಂಚೆಯೂ ಇದೇ ನಿಯಮ.

ಮಾರಾಟಕ್ಕೂ ಇದೇ ಸೂತ್ರ

ನಾಗರಬಾವಿ, ಮಲ್ಲತ್ತಹಳ್ಳಿ, ಕೆಂಗೇರಿ ಕಡೆ ಮನೆಗಳಿಗೆ ನಾನು ವಾರಕ್ಕೆರಡು ಸಲ ತರಕಾರಿ ಕೊಡ್ತೀನಿ. ಹೊಸ ಗಿರಾಕಿಗಳು ಈಗ ಫೋನಿಗೆ "ಹತ್ತಿರದಲ್ಲಿ ಸಾವಯವ ತರಕಾರಿ ಯಾರು ಕೊಡ್ತಾರೆ" ಅಂತ ಕೇಳಿಕೊಂಡು ಬರ್ತಾರೆ. ಅದಕ್ಕೆ ಬೇಕಾಗಿದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಪುಕ್ಕಟೆ ಸಿಗುತ್ತೆ. ತೋಟದ ಹೆಸರು, ಫೋನ್ ನಂಬರ್ ಎಲ್ಲಾ ಕಡೆ ಒಂದೇ ಥರ ಇರಲಿ. ಯಾವ ವಾರ, ಎಷ್ಟು ಗಂಟೆ, ಯಾವ ಬಡಾವಣೆ ಅಂತ ಬರೀರಿ. ಈ ತಿಂಗಳು ಏನಿದೆ, ಏನಿಲ್ಲ ಅಂತ ಬದಲಾಯಿಸ್ತಾ ಇರಿ. ಸಾವಯವ ಅಂತ ಹೇಳಿಕೊಳ್ಳೋದಾದರೆ ಪ್ರಮಾಣಪತ್ರ ಯಾವುದು ಅಂತಲೂ ಹಾಕಿ, ಪಿಜಿಎಸ್ ಗುಂಪಿನದಾದರೆ ಹಾಗೇ ಹೇಳಿ. "ಶುದ್ಧ, ತಾಜಾ, ಅತ್ಯುತ್ತಮ" ಅನ್ನೋದನ್ನ ಎಲ್ಲರೂ ಬರೀತಾರೆ, ಅದರಿಂದ ಯಾರನ್ನೂ ಗುರುತಿಸೋಕಾಗಲ್ಲ.

ಹೆಸರು ಮತ್ತು ವಿವರಕ್ಕೆ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಹಲಸು ನೋಡಿ. ಒಬ್ಬ ರೈತರ ಹೊಲದಲ್ಲಿದ್ದ ಒಂದು ಮರ. ತಾಮ್ರಗೆಂಪು ತೊಳೆ, ಸಣ್ಣ ಹಣ್ಣು, ಒಳ್ಳೆ ರುಚಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಣ್ಣಿನ ಗುಣ ಪರೀಕ್ಷಿಸಿ ದಾಖಲಿಸಿದರು, 2017ರಲ್ಲಿ ಆ ಕುಟುಂಬದ ಜೊತೆ ಸಸಿ ಬೆಳೆಸೋ ಒಪ್ಪಂದ ಮಾಡಿಕೊಂಡರು, ಮರಕ್ಕೆ ರೈತರ ಹೆಸರೇ ಉಳಿಯಿತು. ಇವತ್ತು ಸಿದ್ದು ಹಲಸು ಅಂತ ಹುಡುಕಿದರೆ ಬೇರೇನೋ ಬರಲ್ಲ. ಅಷ್ಟೇ ಒಳ್ಳೆ ಮರಗಳು ನಮ್ಮ ನಿಮ್ಮ ಊರಲ್ಲೂ ಇವೆ. ಅವಕ್ಕೆ ಹೆಸರಿಲ್ಲ, ತೂಕ ಬರೆದವರಿಲ್ಲ.

ಕಂಪನಿಗಳಿಗೆ ಪುಕ್ಕಟೆ ಯಾಕೆ ಕೊಡಬೇಕು?

ಗೆಳೆಯರು ಕೇಳೋ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ನಾವು ಬೆವರು ಸುರಿಸಿ ಕಲಿತಿದ್ದನ್ನ ದೊಡ್ಡ ಕಂಪನಿಯ ಯಂತ್ರ ನುಂಗಿ, ನಮ್ಮ ಹೆಸರೂ ಹೇಳದೆ ಉತ್ತರ ಕೊಡುತ್ತೆ. ಓದೋರು ನಮ್ಮ ಪುಟಕ್ಕೂ ಬರಲ್ಲ. ಸ್ವಂತ ವೆಬ್‌ಸೈಟ್ ಇರೋರು ಬೇಕಾದರೆ ಅಂಥ ಯಂತ್ರಗಳಿಗೆ ಪ್ರವೇಶ ಇಲ್ಲ ಅಂತ ರೋಬೋಟ್ಸ್ ಫೈಲಿನಲ್ಲಿ ಬರೆದಿಡಬಹುದು. ಓಪನ್‌ಎಐನಂಥ ಕಂಪನಿಗಳು ಅದನ್ನ ಪಾಲಿಸ್ತೀವಿ ಅಂತ ಹೇಳಿವೆ.

ನನ್ನ ನಿಲುವು ಏನು ಅಂದರೆ, ಎರಡು ಥರದ ಮಾಹಿತಿಯನ್ನ ಬೇರೆ ಮಾಡಿ. ನಿಮ್ಮ ಗಿರಾಕಿಗಳ ಪಟ್ಟಿ, ಸರ್ವೆ ನಂಬರ್, ಪಹಣಿ, ಬ್ಯಾಂಕು, ಆಧಾರ್, ಇವು ನಿಮ್ಮವು. ತೆರೆದ ಜಾಗದಲ್ಲೂ ಹಾಕಬೇಡಿ, ಚಾಟ್‌ಬಾಟ್‌ಗೂ ಹೇಳಬೇಡಿ. ಆದರೆ ಅವರೆ ಯಾವಾಗ ಬಿತ್ತಬೇಕು ಅನ್ನೋದು ಯಾವತ್ತೂ ಯಾರ ಸ್ವಂತ ಆಸ್ತಿಯೂ ಆಗಿರಲಿಲ್ಲ. ಬದುವಿನ ಮೇಲೆ ನಿಂತು ಕೇಳಿದವರಿಗೆಲ್ಲಾ ನಮ್ಮ ಹಿರಿಯರು ಹೇಳಿದ್ದಾರೆ. ಅದನ್ನ ನಾವು ಮುಚ್ಚಿಟ್ಟರೆ ಕಂಪನಿಗೇನೂ ನಷ್ಟ ಇಲ್ಲ, ಅದು ಬೇರೆ ಕಡೆಯ ಸಲಹೆಯನ್ನ ಕನ್ನಡಕ್ಕೆ ತಿರುಗಿಸಿ ಕೊಡುತ್ತೆ. ನಷ್ಟ ಆಗೋದು ನಾಳೆ ಕೇಳೋ ಹುಡುಗನಿಗೆ. ಔಷಧಿ, ಬೀಜ ಮಾರೋರು ಮಾತ್ರ ಬರೀತಾ ಹೋದರೆ ಅವನಿಗೆ ಸಿಗೋ ಉತ್ತರವೂ ಅಂಗಡಿ ಕಡೆಗೇ ಕೈ ತೋರಿಸುತ್ತೆ.

ಈ ಕೆಲಸಕ್ಕೆ ಕನ್ನಡದಲ್ಲಿ ಮೇಲ್ಪಂಕ್ತಿ ಇದೆ. 1988ರಲ್ಲಿ ಪುತ್ತೂರಿನ ಅಡಿಕೆ ಬೆಳೆಗಾರರು ಅಡಿಕೆ ಪತ್ರಿಕೆ ಶುರು ಮಾಡಿದಾಗ, ಶ್ರೀಪಡ್ರೆ ಮತ್ತವರ ಗೆಳೆಯರು ಹಿಡಿದ ದಾರಿ ಅಂದರೆ ಲೇಖನಿಯನ್ನ ಕೃಷಿಕರ ಕೈಗೇ ಕೊಡೋದು. ಬರೆದು ಅಭ್ಯಾಸ ಇಲ್ಲದ ಬೆಳೆಗಾರರಿಂದಲೇ ಬರೆಸಿದರು. ಆಗ ಅಚ್ಚಿನ ಖರ್ಚು, ಅಂಚೆ ಖರ್ಚು, ತಿಂಗಳು ಕಾಯೋದು ಎಲ್ಲಾ ಇತ್ತು. ನಮ್ಮ ಜೇಬಿನಲ್ಲಿ ಫೋನ್ ಇದೆ, ಅದರಲ್ಲಿ ಕನ್ನಡ ಕೀಬೋರ್ಡ್ ಇದೆ.

ಈ ಭಾನುವಾರ ಒಂದು ಗಂಟೆ ತೆಗೆದಿಡಿ. ನಿಮ್ಮ ಊರಲ್ಲಿ ಚೆನ್ನಾಗಿ ಬರೋ ಒಂದು ಬೆಳೆ, ಅದರ ಬಗ್ಗೆ ಜನ ನಿಮ್ಮನ್ನ ಹೆಚ್ಚಾಗಿ ಕೇಳೋ ಒಂದು ಪ್ರಶ್ನೆ, ಅದಕ್ಕೆ ಮುನ್ನೂರು ಪದದ ಉತ್ತರ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಬರೀರಿ, ತಿಂಗಳು, ನಕ್ಷತ್ರದ ಲೆಕ್ಕ ಅವರ ಹತ್ತಿರ ಸರಿಯಾಗಿರುತ್ತೆ. ಎಲ್ಲರಿಗೂ ತೆರೆದಿರೋ ಜಾಗದಲ್ಲಿ ಹಾಕಿ. ಮುಂದಿನ ಹಂಗಾಮಿಗೆ ಅದನ್ನೇ ತೆಗೆದು, ಹೊಸದಾಗಿ ಕಂಡಿದ್ದನ್ನ ಸೇರಿಸಿ, ದಿನಾಂಕ ಬದಲಾಯಿಸಿ.